ಹೃದಯಕ್ಕೆ ಕೊಟ್ಟ ಮಾತ್ರೆಗೆ ಹೃದಯದ ದಾರಿ ಗೊತ್ತಿರುತ್ತದಾ?

ಪ್ರಶ್ನೆ: ನಮ್ಮ ಅಮ್ಮನಿಗೆ 58 ವರ್ಷ. ಚಿಕ್ಕಂದಿನಿಂದ ಆಸ್ತಮಾ ಇದೆ, ಸಾಲ್ಬುಟಮಾಲ್ ಇನ್‌ಹೇಲರ್ ಸದಾ ಜೊತೆಗಿರುತ್ತದೆ. ಹೋದ ತಿಂಗಳು ಎದೆ ಡವಡವ ಅನ್ನುತ್ತದೆ, ಕೈ ನಡುಗುತ್ತದೆ ಅಂತ ಹೇಳಿದ್ದಕ್ಕೆ ಒಬ್ಬ ಡಾಕ್ಟರ್ ಪ್ರೊಪ್ರನಲಾಲ್ ಬರೆದುಕೊಟ್ಟರು. ಮೆಡಿಕಲ್ ಶಾಪಿನವರು ಹಳೇ ಚೀಟಿ ನೋಡಿ, ಆಸ್ತಮಾ ಇರುವವರಿಗೆ ಇದು ಆಗಲ್ಲ, ಇನ್ನೊಮ್ಮೆ ಕೇಳಿಕೊಂಡು ಬನ್ನಿ ಅಂದರು. ಹೃದಯಕ್ಕೆ ಕೊಟ್ಟ ಮಾತ್ರೆ ಶ್ವಾಸಕೋಶದ ತಂಟೆಗೆ ಯಾಕೆ ಹೋಗಬೇಕು? ಬೇಕಾದ ಕಡೆ ಮಾತ್ರ ಕೆಲಸ ಮಾಡುವ ಮಾತ್ರೆ ಮಾಡೋಕೆ ಇಷ್ಟು ವರ್ಷದಲ್ಲಿ ಯಾಕೆ ಆಗಿಲ್ಲ?

ಉತ್ತರ: ಮೊದಲು ಆ ಮೆಡಿಕಲ್ ಶಾಪಿನವರಿಗೆ ನನ್ನ ಕಡೆಯಿಂದ ಒಂದು ನಮಸ್ಕಾರ ಹೇಳಿ. ಅವರು ಹೇಳಿದ್ದು ಸರಿ. ಹಳೇ ಚೀಟಿ ನೋಡಿ ಔಷಧಿ ಕೊಡುವವರು ಸಿಕ್ಕರೆ ಬಿಡಬೇಡಿ.

ಇನ್ನು ಪ್ರಶ್ನೆಗೆ ಬರೋಣ. ಮಾತ್ರೆಗೆ ದಾರಿ ಗೊತ್ತಿಲ್ಲ. ನುಂಗಿದ ಮಾತ್ರೆ ಹೊಟ್ಟೆಯಲ್ಲಿ ಕರಗಿ, ಕರುಳಿನಿಂದ ರಕ್ತಕ್ಕೆ ಇಳಿದು, ಲಿವರ್ ದಾಟಿ, ಆಮೇಲೆ ರಕ್ತ ಎಲ್ಲೆಲ್ಲಿ ಹರಿಯುತ್ತದೋ ಅಲ್ಲೆಲ್ಲ ಹೋಗುತ್ತದೆ. ಕಾಲಿನ ಹೆಬ್ಬೆರಳಿಗೂ ಹೋಗುತ್ತದೆ. ಆದರೆ ಹೋದ ಕಡೆಯೆಲ್ಲ ಅಂಟಿಕೊಳ್ಳುವುದಿಲ್ಲ. ಜೀವಕೋಶದ ಮೈಮೇಲೆ ಅದನ್ನು ಹಿಡಿದುಕೊಳ್ಳುವ ಪ್ರೋಟೀನ್ ಇದ್ದರೆ ಮಾತ್ರ ಅಲ್ಲಿ ಕೆಲಸ. ಆ ಪ್ರೋಟೀನಿಗೆ ಪಠ್ಯಪುಸ್ತಕದಲ್ಲಿ ಗ್ರಾಹಕ ಅಂತಾರೆ. ನನಗೆ ಗ್ರಾಹಕ ಅಂದರೆ ಅಂಗಡಿ ಮುಂದೆ ನಿಂತವರೇ ಕಣ್ಣಿಗೆ ಬರುತ್ತಾರೆ, ಹಾಗಾಗಿ ಸುಮ್ನೆ ರಿಸೆಪ್ಟರ್ ಅಂತಲೇ ಬರೆಯುತ್ತೇನೆ.

ನಾನು ಓದುವಾಗ ಫಾರ್ಮಕಾಲಜಿ ಪ್ರಾಕ್ಟಿಕಲ್‌ನಲ್ಲಿ ಕಪ್ಪೆಯ ಹೃದಯ ಇರುತ್ತಿತ್ತು. ಈಗ ಅದನ್ನು ಕಂಪ್ಯೂಟರ್‌ನಲ್ಲೇ ತೋರಿಸುತ್ತಾರೆ, ಒಳ್ಳೆಯದೇ ಆಯಿತು. ಹೃದಯದ ತುದಿಗೆ ಒಂದು ದಾರ, ದಾರಕ್ಕೆ ಒಂದು ಸಣ್ಣ ಕಡ್ಡಿ, ಕಡ್ಡಿಯ ಮೊನೆ ತಿರುಗುವ ಡ್ರಮ್ಮಿನ ಮೇಲೆ. ಡ್ರಮ್ಮಿಗೆ ಸುತ್ತಿದ ಕಾಗದಕ್ಕೆ ಹೊಗೆಯಲ್ಲಿ ಮಸಿ ಹಿಡಿಸಿರುತ್ತಿದ್ದೆವು. ಹೃದಯ ಬಡಿದ ಹಾಗೆ ಮಸಿ ಕೆರೆದು ಬಿಳಿ ಗೆರೆ ಮೂಡುತ್ತಿತ್ತು. ಗಾಬರಿಯಾದಾಗ ನಮ್ಮ ಮೈಯಲ್ಲಿ ಏರುವ ಅಡ್ರಿನಲಿನ್ ಒಂದು ಹನಿ ಹಾಕಿದರೆ ಗೆರೆಗಳು ಎತ್ತರವಾಗುತ್ತಿದ್ದವು. ತೊಳೆದು, ಪ್ರೊಪ್ರನಲಾಲ್ ಹಾಕಿ, ಮತ್ತೆ ಅಡ್ರಿನಲಿನ್ ಹಾಕಿದರೆ ಏನೂ ಆಗುತ್ತಿರಲಿಲ್ಲ. ಆಮೇಲೆ ಮೇಷ್ಟ್ರು ಹೃದಯವನ್ನು ನಿಧಾನ ಮಾಡುವ ಅಸಿಟೈಲ್‌ಕೋಲಿನ್ ಒಂದು ಹನಿ ಹಾಕಿಸುತ್ತಿದ್ದರು. ಆಗ ಮಾತ್ರ ಗೆರೆ ದಬಕ್ ಅಂತ ಕೆಳಗೆ ಬೀಳುತ್ತಿತ್ತು. ಅಂದರೆ ಪ್ರೊಪ್ರನಲಾಲ್ ಹೃದಯವನ್ನು ಮಂಕು ಮಾಡಿರಲಿಲ್ಲ, ಅಡ್ರಿನಲಿನ್ ಕೂರುವ ಜಾಗ ಒಂದನ್ನೇ ಮುಚ್ಚಿತ್ತು, ಪಕ್ಕದ ಬಾಗಿಲು ತೆರೆದೇ ಇತ್ತು. ಕೈಯೆಲ್ಲ ಮಸಿ ಮಾಡಿಕೊಂಡು ಕಲಿತ ಆ ಪಾಠ ನನಗೆ ಇವತ್ತಿಗೂ ಮರೆತಿಲ್ಲ.

ಈಗ ನಿಮ್ಮ ಅಮ್ಮನ ವಿಷಯದ ಮುಖ್ಯ ಗಂಟು. ಅಡ್ರಿನಲಿನ್ ಹಿಡಿಯುವ ರಿಸೆಪ್ಟರ್ ಒಂದೇ ಅಲ್ಲ. 1948ರಲ್ಲಿ ಅಮೆರಿಕದ ರೇಮಂಡ್ ಆಲ್‌ಕ್ವಿಸ್ಟ್ ಅಡ್ರಿನಲಿನ್ ಥರದ ಆರು ವಸ್ತುಗಳನ್ನು ಬೇರೆ ಬೇರೆ ಅಂಗಗಳ ಮೇಲೆ ಹಾಕಿ ನೋಡಿದರು. ಕೆಲವು ಅಂಗಗಳಲ್ಲಿ ಒಂದು ವಸ್ತು ಮೊದಲ ಸ್ಥಾನ, ಇನ್ನು ಕೆಲವು ಅಂಗಗಳಲ್ಲಿ ಅದೇ ವಸ್ತು ಕೊನೇ ಸ್ಥಾನ. ಹಾಗಾದರೆ ಹಿಡಿಯುವ ಕೈ ಎರಡು ಥರ ಇರಬೇಕು ಅಂತ ಅವರು ಆಲ್ಫಾ, ಬೀಟಾ ಅಂತ ಹೆಸರಿಟ್ಟರು. ಆ ಲೇಖನವನ್ನು ಮೊದಲು ಕಳಿಸಿದ ಪತ್ರಿಕೆ ವಾಪಸ್ ಮಾಡಿತ್ತು. 1967ರಲ್ಲಿ ಬೀಟಾವನ್ನು ಮತ್ತೆ ಎರಡು ಮಾಡಿದರು. ಬೀಟಾ-1 ಹೆಚ್ಚಾಗಿ ಹೃದಯದಲ್ಲಿ. ಬೀಟಾ-2 ಹೆಚ್ಚಾಗಿ ಶ್ವಾಸನಾಳದ ಸುತ್ತ ಇರುವ ಸ್ನಾಯುವಿನಲ್ಲಿ, ಕೈಕಾಲಿನ ಸ್ನಾಯುಗಳಲ್ಲಿ. ಹೆಚ್ಚಾಗಿ ಅನ್ನುವ ಪದವನ್ನು ಬೇಕಂತಲೇ ಹಾಕಿದ್ದೇನೆ. ಮನುಷ್ಯರ ಹೃದಯದ ಬೀಟಾ ರಿಸೆಪ್ಟರುಗಳಲ್ಲಿ ಸುಮಾರು ಐದನೇ ಒಂದು ಭಾಗ ಬೀಟಾ-2. ದೇಹ ನಮ್ಮ ಪುಸ್ತಕದ ಅಧ್ಯಾಯ ನೋಡಿಕೊಂಡು ರಿಸೆಪ್ಟರ್ ಹಂಚಿಲ್ಲ.

ಇನ್ನೊಂದು ಮಜಾ ಇದೆ. ಎರಡೂ ರಿಸೆಪ್ಟರುಗಳು ಒಳಗೆ ಕಳಿಸುವ ಸುದ್ದಿ ಒಂದೇ. ಜೀವಕೋಶದ ಪೊರೆಯಲ್ಲಿ ಏಳು ಸಲ ಒಳಗೆ ಹೊರಗೆ ಹೊಲಿದ ಹಾಗೆ ಕೂತಿರುವ ಪ್ರೋಟೀನ್ ಇದು. ಹೊರಗಡೆ ಅಡ್ರಿನಲಿನ್ ಕೂತರೆ ಒಳಗಡೆ ಜಿ ಪ್ರೋಟೀನ್ ಅನ್ನುವುದು ಎದ್ದು ಓಡುತ್ತದೆ, ಅದರಿಂದ ಸೈಕ್ಲಿಕ್ ಎಎಂಪಿ ಅನ್ನುವ ಸಣ್ಣ ಅಣು ರಾಶಿ ರಾಶಿ ತಯಾರಾಗುತ್ತದೆ. ಹೃದಯದಲ್ಲಿ ಅದು ಕ್ಯಾಲ್ಸಿಯಂ ಒಳಗೆ ಬರುವ ದಾರಿ ಅಗಲ ಮಾಡುತ್ತದೆ, ಹೃದಯ ಜೋರಾಗಿ ಹಿಂಡುತ್ತದೆ. ಶ್ವಾಸನಾಳದ ಸ್ನಾಯುವಿನಲ್ಲಿ ಅದೇ ಅಣು ಹಿಂಡುವ ಯಂತ್ರವನ್ನೇ ತಣ್ಣಗೆ ಮಾಡುತ್ತದೆ, ನಾಳ ಸಡಿಲವಾಗುತ್ತದೆ. ಒಂದೇ ಸುದ್ದಿ, ಒಂದು ಮನೆಯಲ್ಲಿ ಗಲಾಟೆ, ಇನ್ನೊಂದು ಮನೆಯಲ್ಲಿ ನಿದ್ದೆ. ಹುಲಿ ಅಟ್ಟಿಸಿಕೊಂಡು ಬಂದಾಗ ಎರಡೂ ಬೇಕು ಅಲ್ವಾ, ಹೃದಯ ಜೋರಾಗಿ ಬಡಿಯಬೇಕು, ಉಸಿರು ಸಲೀಸಾಗಿ ಆಡಬೇಕು. ಅದಕ್ಕೇ ಈ ವ್ಯವಸ್ಥೆ.

ಪ್ರೊಪ್ರನಲಾಲ್ ಬೀಟಾ-1 ಮತ್ತು ಬೀಟಾ-2 ಎರಡನ್ನೂ ಹೆಚ್ಚುಕಡಿಮೆ ಸಮವಾಗಿ ಮುಚ್ಚುತ್ತದೆ. ಹೃದಯಕ್ಕೆ ತಂಪು. ಆದರೆ ಆಸ್ತಮಾ ಇರುವವರ ಶ್ವಾಸನಾಳವನ್ನು ಸಡಿಲವಾಗಿ ಇಡುತ್ತಿದ್ದ ಕೈಯನ್ನೂ ಅದು ಕಟ್ಟಿಹಾಕುತ್ತದೆ. ಉಸಿರು ಕಟ್ಟಿದಾಗ ಇನ್‌ಹೇಲರ್ ಒತ್ತಿದರೆ ಸಾಲ್ಬುಟಮಾಲ್ ಹೋಗಿ ಕೂರಬೇಕಾದ ಜಾಗದಲ್ಲಿ ಇದೇ ಕೂತಿರುತ್ತದೆ. ನಿಜವಾದ ಅಪಾಯ ಅಲ್ಲಿದೆ.

ಹಾಗಾದರೆ ಬೇಕಾದ ರಿಸೆಪ್ಟರಿಗೆ ಮಾತ್ರ ಹೊಂದುವ ಅಣು ಮಾಡೋದು ಹೇಗೆ? ಬೀಗ, ಕೀಲಿ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಆ ಹೋಲಿಕೆ ಅಷ್ಟಾಗಿ ಹಿಡಿಸಲ್ಲ. ಬೀಗ ಅಲ್ಲಾಡುವುದಿಲ್ಲ, ರಿಸೆಪ್ಟರ್ ಯಾವಾಗಲೂ ಅಲ್ಲಾಡುತ್ತಲೇ ಇರುತ್ತದೆ. ಮಳೆಗಾಲದಲ್ಲಿ ಉಬ್ಬಿದ ಹಳೇ ಮನೆ ಬಾಗಿಲು ನೆನಪಿಸಿಕೊಳ್ಳಿ. ಸ್ವಲ್ಪ ಎತ್ತಿ ತಳ್ಳಿದರೆ ತೆರೆಯುತ್ತದೆ, ಸುಮ್ನೆ ಒರಗಿ ನಿಂತರೆ ಮುಚ್ಚಿಕೊಂಡೇ ಇರುತ್ತದೆ, ಅರ್ಧ ತಳ್ಳಿದರೆ ಅರ್ಧ ತೆರೆದು ಸಿಕ್ಕಿಕೊಳ್ಳುತ್ತದೆ. ಔಷಧಿಗಳೂ ಹಾಗೇ. ಸಾಲ್ಬುಟಮಾಲ್ ಎತ್ತಿ ತಳ್ಳುವ ಜಾತಿ. ಪ್ರೊಪ್ರನಲಾಲ್ ಒರಗಿ ನಿಲ್ಲುವ ಜಾತಿ. ಪಿಂಡಲಾಲ್ ಅನ್ನುವುದು ಅರ್ಧ ತಳ್ಳಿ ನಿಲ್ಲುವ ಜಾತಿ. 2011ರಲ್ಲಿ ಬ್ರಯಾನ್ ಕೋಬಿಲ್ಕಾ ಅವರ ತಂಡ ಬೀಟಾ-2 ರಿಸೆಪ್ಟರ್ ತೆರೆದ ಗಳಿಗೆಯ ಚಿತ್ರವನ್ನೇ ಹಿಡಿಯಿತು. ಪೊರೆಯಲ್ಲಿ ಹೊಲಿದ ಹಾಗೆ ಕೂತ ಆ ಏಳು ಕಂಬಗಳಲ್ಲಿ ಆರನೆಯದರ ಒಳತುದಿ 14 ಆಂಗ್‌ಸ್ಟ್ರಾಮ್ ಆಚೆ ಸರಿದಿತ್ತು. ಒಂದು ಆಂಗ್‌ಸ್ಟ್ರಾಮ್ ಅಂದರೆ ಮಿಲಿಮೀಟರಿನ ಒಂದು ಕೋಟಿಯಲ್ಲಿ ಒಂದು ಭಾಗ. ಅಷ್ಟು ಸರಿದ ಜಾಗದಲ್ಲೇ ಜಿ ಪ್ರೋಟೀನ್ ತೂರಿಕೊಳ್ಳುವುದು. ಮರುವರ್ಷ ಅವರಿಗೂ ಅವರ ಗುರು ರಾಬರ್ಟ್ ಲೆಫ್ಕೋವಿಟ್ಜ್ ಅವರಿಗೂ ರಸಾಯನಶಾಸ್ತ್ರದ ನೊಬೆಲ್ ಬಂತು.

ಆದರೆ ಔಷಧಿ ಮಾಡುವವರು ಚಿತ್ರ ಬರುವವರೆಗೆ ಕಾಯಲಿಲ್ಲ. ಅಣುವಿನ ಬಾಲ ಕತ್ತರಿಸಿ, ಬೇರೆ ಬಾಲ ಅಂಟಿಸಿ, ಒಂದೊಂದಾಗಿ ಹಾಕಿ ನೋಡಿದರು. ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಅಡ್ರಿನಲಿನ್ ಅಣುವಿನ ಒಂದು ತುದಿಯಲ್ಲಿ ಆರು ಕಾರ್ಬನ್ನಿನ ಉಂಗುರ, ಅದರ ಮೇಲೆ ಅಕ್ಕಪಕ್ಕ ಎರಡು ಆಮ್ಲಜನಕ-ಹೈಡ್ರೋಜನ್ ಜೋಡಿ. ಇನ್ನೊಂದು ತುದಿಯಲ್ಲಿ ನೈಟ್ರೋಜನ್, ಅದಕ್ಕೆ ಜೋತುಬಿದ್ದ ಒಂದೇ ಕಾರ್ಬನ್. ಆ ಒಂದರ ಜಾಗದಲ್ಲಿ ಮೂರು ಕಾರ್ಬನ್ನಿನ ಗೊಂಚಲು ಹಾಕಿದರು. ಅದು ಐಸೋಪ್ರಿನಲಿನ್. ಆಲ್ಫಾ ರಿಸೆಪ್ಟರಿಗೆ ಈ ದಪ್ಪ ಬಾಲ ಹಿಡಿಸಲಿಲ್ಲ, ಬೀಟಾಗೆ ಖುಷಿಯಾಯಿತು. ಆದರೆ ಎರಡೂ ಬೀಟಾಗೆ. ಉಸಿರು ಸಲೀಸಾದ ಜೊತೆಗೇ ಹೃದಯ ಕುದುರೆ ಥರ ಓಡುತ್ತಿತ್ತು. ನಾಲ್ಕು ಕಾರ್ಬನ್ನಿನ ಗೊಂಚಲು ಹಾಕಿದರು, ಬೀಟಾ-2 ಕಡೆ ವಾಲಿತು. ಉಂಗುರದ ಮೇಲಿನ ಒಂದು ಜೋಡಿಗೆ ಮಧ್ಯೆ ಒಂದು ಕಾರ್ಬನ್ ಸೇರಿಸಿ ಸ್ವಲ್ಪ ದೂರ ತಳ್ಳಿದರು, ದೇಹದ ಕಿಣ್ವ ಅದನ್ನು ಬೇಗ ಹಾಳು ಮಾಡೋದು ನಿಂತಿತು. ಇದೇ ನಿಮ್ಮ ಅಮ್ಮ ದಿನಾ ಸೇದುವ ಸಾಲ್ಬುಟಮಾಲ್. 1960ರ ದಶಕದ ಕೊನೆಯಲ್ಲಿ ಬ್ರಿಟನ್ನಿನಲ್ಲಿ ಡೇವಿಡ್ ಜ್ಯಾಕ್ ಅವರ ತಂಡ ಮಾಡಿದ್ದು. ಮುಂದೆ ಅದೇ ತಲೆಗೆ ಉದ್ದನೆಯ ಬಾಲ ಕಟ್ಟಿ ಸಾಲ್ಮೆಟೆರಾಲ್ ಮಾಡಿದರು. ಬಾಲ ರಿಸೆಪ್ಟರಿನ ಬಾಯಿಯ ಹತ್ತಿರ ಇನ್ನೊಂದು ಕಡೆ ಸಿಕ್ಕಿಕೊಳ್ಳುತ್ತದೆ, ಬೀಟಾ-2 ಮೇಲಿನ ಒಲವು ಇನ್ನೂ ಜಾಸ್ತಿ, ಕೆಲಸ ಹನ್ನೆರಡು ಗಂಟೆ.

ಮುಚ್ಚುವ ಔಷಧಿಗಳ ಕಥೆಯೂ ಹೀಗೇ. 1958ರಲ್ಲಿ ಐಸೋಪ್ರಿನಲಿನ್ ಉಂಗುರದ ಮೇಲಿನ ಆ ಎರಡು ಜೋಡಿ ತೆಗೆದು ಎರಡು ಕ್ಲೋರಿನ್ ಹಾಕಿದಾಗ, ಅಣು ರಿಸೆಪ್ಟರಿನಲ್ಲಿ ಕೂತಿತು, ಆದರೆ ಸರಿಯಾಗಿ ತಳ್ಳಲಿಲ್ಲ. ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್ ಅದನ್ನು ಹಿಡಿದುಕೊಂಡರು. ಹೃದಯಕ್ಕೆ ರಕ್ತ ಸಾಲದಿದ್ದರೆ ಎಲ್ಲರೂ ರಕ್ತ ಜಾಸ್ತಿ ಕಳಿಸೋದು ಹೇಗೆ ಅಂತ ಯೋಚನೆ ಮಾಡುತ್ತಿದ್ದಾಗ ಅವರು ಹೃದಯದ ಬೇಡಿಕೆಯನ್ನೇ ಕಡಿಮೆ ಮಾಡೋಣ ಅಂದರು. ಮೊದಲು ಮಾಡಿದ ಪ್ರೊನೆಥಲಾಲ್ ಇಲಿಗಳಲ್ಲಿ ಗಡ್ಡೆ ತಂದಿತು, ಬಿಟ್ಟರು. ಆಮೇಲೆ 1960ರ ದಶಕದ ನಡುವೆ ಪ್ರೊಪ್ರನಲಾಲ್ ಬಂತು. ಇದೇ ಬ್ಲ್ಯಾಕ್ ಮುಂದೆ ಹೊಟ್ಟೆಯ ಹಿಸ್ಟಮಿನ್ ರಿಸೆಪ್ಟರ್ ಮುಚ್ಚಿ ಆಮ್ಲ ಇಳಿಸುವ ಸಿಮೆಟಿಡಿನ್‌ಗೂ ಕಾರಣರಾದರು, 1988ರಲ್ಲಿ ನೊಬೆಲ್ ಪಡೆದರು. ಉಂಗುರದ ಎದುರು ತುದಿಗೆ ಒಂದು ಉದ್ದ ತೋಳು ಕಟ್ಟಿದರೆ ಬೀಟಾ-1 ಕಡೆ ವಾಲುತ್ತದೆ ಅಂತ ಆಮೇಲೆ ಗೊತ್ತಾಯಿತು. ಆ ಜಾತಿಯ ಮೊದಲನೆಯದು ಪ್ರಾಕ್ಟಲಾಲ್. ಕಣ್ಣು, ಚರ್ಮಕ್ಕೆ ತೀರಾ ಕೆಟ್ಟ ತೊಂದರೆ ಕೊಟ್ಟು 1970ರ ದಶಕದಲ್ಲೇ ಹೊರಗೆ ಹೋಯಿತು. ನೋಡಿ, ರಿಸೆಪ್ಟರ್ ಆರಿಸುವುದರಲ್ಲಿ ಜಾಣ, ಆದರೂ ಔಷಧಿಯಾಗಿ ಸೋತಿತು. ಅದರ ಬೆನ್ನಿಗೆ ಬಂದದ್ದು ನಮ್ಮಲ್ಲಿ ಎಷ್ಟೋ ಮನೆಗಳ ಔಷಧಿ ಡಬ್ಬಿಯಲ್ಲಿರುವ ಅಟೆನಲಾಲ್.

ಇಷ್ಟೆಲ್ಲ ಮಾಡಿದ ಮೇಲೂ ಪೂರ್ತಿ ಆರಿಸುವ ಅಣು ಯಾಕೆ ಸಿಗಲಿಲ್ಲ? ಅಡ್ರಿನಲಿನ್ ಕೂರುವ ಗುಂಡಿ ಬೀಟಾ-1ರಲ್ಲೂ ಬೀಟಾ-2ರಲ್ಲೂ ಹೆಚ್ಚುಕಡಿಮೆ ಒಂದೇ. ಅಣುವನ್ನು ಮುಟ್ಟುವ ಅಮೈನೋ ಆಮ್ಲಗಳೇ ಒಂದೇ. ವ್ಯತ್ಯಾಸ ಇರುವುದು ಗುಂಡಿಗೆ ಇಳಿಯುವ ಬಾಯಿಯ ಹತ್ತಿರ, ಅಲ್ಲೇ ಸಾಲ್ಮೆಟೆರಾಲ್ ಬಾಲದ ಆಟ. ಅವಳಿ ಮಕ್ಕಳನ್ನು ಮುಖ ನೋಡಿ ಗುರುತಿಸೋಕೆ ಆಗದೆ, ಹೊಸಿಲಲ್ಲಿ ಬಿಟ್ಟ ಚಪ್ಪಲಿ ನೋಡಿ ಗುರುತಿಸಿದ ಹಾಗೆ.

ಹಾಗಾಗಿ ನಮ್ಮ ಕಸುಬಿನಲ್ಲಿ ಆರಿಸುತ್ತದೆ, ಆರಿಸಲ್ಲ ಅಂತ ಎರಡೇ ಖಾನೆ ಇಲ್ಲ. ಎಷ್ಟು ಪಟ್ಟು ಅಂತ ಕೇಳುತ್ತೇವೆ. ಒಂದು ಲೆಕ್ಕ ಮಾಡೋಣ. ಒಂದು ಔಷಧಿ ಬೀಟಾ-1ನ್ನು ಬೀಟಾ-2ಗಿಂತ ಹತ್ತು ಪಟ್ಟು ಚೆನ್ನಾಗಿ ಹಿಡಿಯುತ್ತದೆ ಅಂತ ಇಟ್ಟುಕೊಳ್ಳಿ. ಬೀಟಾ-1ರ ಅರ್ಧ, ಅಂದರೆ ನೂರಕ್ಕೆ 50 ತುಂಬುವಷ್ಟು ಔಷಧಿ ರಕ್ತದಲ್ಲಿದ್ದರೆ ಬೀಟಾ-2ರಲ್ಲಿ ನೂರಕ್ಕೆ 9 ಮಾತ್ರ ತುಂಬಿರುತ್ತದೆ. ಬಹಳ ಚೆನ್ನಾಗಿದೆ. ಈಗ ಪರಿಣಾಮ ಸಾಲಲಿಲ್ಲ ಅಂತ ರಕ್ತದಲ್ಲಿ ಪ್ರಮಾಣ ಹತ್ತು ಪಟ್ಟಾಯಿತು ಅನ್ನಿ. ಬೀಟಾ-1ರಲ್ಲಿ 91, ಬೀಟಾ-2ರಲ್ಲಿ 50. ಅಣು ಅದೇ, ಪಟ್ಟೂ ಅದೇ, ಆದರೆ ಆಯ್ಕೆ ಹೆಚ್ಚುಕಡಿಮೆ ಮಾಯ. ಹೃದಯಕ್ಕೆ ಮಾತ್ರ ಅನ್ನುವ ಮಾತ್ರೆಗಳನ್ನು ಆಸ್ತಮಾ ಇರುವವರಿಗೆ ಕೊಡಲೇಬೇಕಾದರೆ ಡಾಕ್ಟರುಗಳು ಸಣ್ಣ ಡೋಸಿನಲ್ಲಿ, ಕಣ್ಣಿಟ್ಟು ಶುರು ಮಾಡುವುದು ಇದಕ್ಕೇ. ಅಟೆನಲಾಲ್‌ಗಿಂತ ಅದೇ ಜಾತಿಯ ಬಿಸೊಪ್ರಲಾಲ್‌ನಲ್ಲಿ ಈ ಪಟ್ಟು ಜಾಸ್ತಿ, ಆದರೂ ಅದೂ ಲೆಕ್ಕದ ಮಾತೇ.

ಅಣುವಿನ ಆಕಾರದಿಂದ ಆಗದ ಕೆಲಸವನ್ನು ದಾರಿಯಿಂದ ಮಾಡಿಸಬಹುದು. ನನ್ನ ಪ್ರಕಾರ ಇನ್‌ಹೇಲರ್ ಅನ್ನುವುದು ರಸಾಯನಶಾಸ್ತ್ರಜ್ಞರ ಎಷ್ಟೋ ವರ್ಷದ ದುಡಿಮೆಗೆ ಸಮ. ಸಾಲ್ಬುಟಮಾಲ್ ಮಾತ್ರೆ 4 ಮಿಲಿಗ್ರಾಂ ಇರುತ್ತದೆ. ಇನ್‌ಹೇಲರ್ ಒಂದು ಸಲ ಒತ್ತಿದರೆ ಬರುವುದು 100 ಮೈಕ್ರೋಗ್ರಾಂ. ಎರಡು ಸಲ ಒತ್ತಿದರೂ ಮಾತ್ರೆಯ ಇಪ್ಪತ್ತನೇ ಒಂದು ಭಾಗ. ಬೇಕಾದ ಜಾಗಕ್ಕೇ ನೇರವಾಗಿ ಹೋಗುವುದರಿಂದ ಅಷ್ಟೇ ಸಾಕು. ಇನ್‌ಹೇಲರ್ ಅಂದರೆ ಸ್ಟ್ರಾಂಗ್, ಚಟ ಆಗುತ್ತೆ, ಮಾತ್ರೆಯೇ ಮೇಲು ಅನ್ನುವ ಮಾತು ನಮ್ಮ ಕಡೆ ಇನ್ನೂ ಇದೆ. ಲೆಕ್ಕ ಅದರ ಉಲ್ಟಾ.

ಇನ್ನೊಂದು ದಾರಿ ಮಿದುಳಿನ ಬೇಲಿ, ರಕ್ತದಲ್ಲಿರುವ ಎಲ್ಲವನ್ನೂ ಅದು ಮಿದುಳಿನೊಳಗೆ ಬಿಡುವುದಿಲ್ಲ. ಹಳೇ ಅಲರ್ಜಿ ಮಾತ್ರೆ ಅವಿಲ್ ತೊಗೊಂಡರೆ ತೂಕಡಿಕೆ ಬರುತ್ತದೆ, ಸೆಟಿರಿಜಿನ್‌ಗೆ ಅಷ್ಟು ಬರಲ್ಲ. ಎರಡೂ ಮುಚ್ಚುವುದು ಒಂದೇ ಹಿಸ್ಟಮಿನ್ ರಿಸೆಪ್ಟರನ್ನು, ಹೊಟ್ಟೆಯದ್ದಲ್ಲ, ಅಲರ್ಜಿಯದ್ದು. ಅವಿಲ್ ಮಿದುಳಿನೊಳಗೆ ನುಗ್ಗುತ್ತದೆ, ಸೆಟಿರಿಜಿನ್‌ನ ಹೆಚ್ಚು ಭಾಗ ಹೊರಗೇ ಉಳಿಯುತ್ತದೆ. ಪ್ರೊಪ್ರನಲಾಲ್ ಕೊಬ್ಬಿನಲ್ಲಿ ಕರಗುವಂಥದ್ದು, ಮಿದುಳಿಗೂ ಹೋಗುತ್ತದೆ, ಕೆಲವರಿಗೆ ಕೆಟ್ಟ ಕನಸು ಬೀಳುತ್ತದೆ. ಅಟೆನಲಾಲ್ ನೀರಿನಲ್ಲಿ ಕರಗುವಂಥದ್ದು, ಆ ಕಾಟ ಕಡಿಮೆ.

ದಾರಿ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಮಾತು, ನಿಮ್ಮ ಅಮ್ಮನ ವಯಸ್ಸಿಗೆ ಬೇಕಾದದ್ದು. ಕಣ್ಣಿನೊಳಗಿನ ಒತ್ತಡ ಇಳಿಸೋಕೆ ಗ್ಲಾಕೋಮಾಗೆ ಹಾಕುವ ಟಿಮಲಾಲ್ ಕಣ್ಣಿನ ಹನಿ ಕೂಡ ಎರಡೂ ಬೀಟಾ ಮುಚ್ಚುವ ಔಷಧಿಯೇ. ಕಣ್ಣಿಗೆ ತಾನೇ ಅಂತ ಯಾರೂ ತಲೆ ಕೆಡಿಸಿಕೊಳ್ಳಲ್ಲ. ಆದರೆ ಹನಿ ಕಣ್ಣೀರಿನ ನಾಳದಿಂದ ಮೂಗಿಗೆ ಇಳಿದು, ಲಿವರಿಗೆ ಹೋಗದೆ ನೇರ ರಕ್ತಕ್ಕೆ ಸೇರುತ್ತದೆ. ಆಸ್ತಮಾ ಇರುವವರಿಗೆ ಇಷ್ಟರಿಂದಲೇ ಉಸಿರು ಕಟ್ಟಿದ್ದಿದೆ. ಕಣ್ಣಿನ ಡಾಕ್ಟರ್ ಹತ್ತಿರ ಹೋದಾಗ ಆಸ್ತಮಾ ವಿಷಯ ನೀವೇ ಬಾಯಿಬಿಟ್ಟು ಹೇಳಿ.

ಆಮೇಲೆ ಹೊಸ ಕಾಲದ ಒಂದು ಆಸೆಯ ಕಥೆ. ರಿಸೆಪ್ಟರ್ ಒಂದೇ ಆದರೂ ಒಳಗೆ ಎರಡು ದಾರಿ ಇದೆ. ಒಂದು ಜಿ ಪ್ರೋಟೀನ್. ಇನ್ನೊಂದು ಅರೆಸ್ಟಿನ್, ಅದು ಬಂದು ರಿಸೆಪ್ಟರಿನ ಬಾಯಿ ಮುಚ್ಚಿಸಿ ಒಳಗೆ ಎಳೆದುಕೊಂಡು ಹೋಗುತ್ತದೆ, ಹೋಗುವಾಗ ತನ್ನದೂ ಒಂದಿಷ್ಟು ಸುದ್ದಿ ಹೇಳುತ್ತದೆ. ಒಂದೇ ದಾರಿ ತೆರೆಯುವ ಅಣು ಮಾಡಿದರೆ ಹೇಗೆ? ನೋವು ಇಳಿಸಿದರೂ ಉಸಿರಾಟ ಕುಗ್ಗಿಸುವ, ಇದೇ ಥರದ ಇನ್ನೊಂದು ರಿಸೆಪ್ಟರ್ ಹಿಡಿಯುವ ಮಾರ್ಫಿನ್‌ನಲ್ಲಿ ಇದನ್ನು ಬಹಳ ನೆಚ್ಚಿಕೊಂಡರು. 1999ರಲ್ಲಿ ಅರೆಸ್ಟಿನ್ ಇಲ್ಲದ ಇಲಿಗಳಲ್ಲಿ ಮಾರ್ಫಿನ್ ನೋವನ್ನು ಜಾಸ್ತಿ ಕಡಿಮೆ ಮಾಡಿತು, ಉಸಿರಾಟಕ್ಕೆ ತೊಂದರೆಯೂ ಕಡಿಮೆ ಅಂತ ಆಮೇಲಿನ ಪ್ರಯೋಗ ಹೇಳಿತು. ಅದೇ ನಂಬಿಕೆಯ ಮೇಲೆ ಮಾಡಿದ ನೋವಿನ ಔಷಧಿ ಒಲಿಸೆರಿಡಿನ್‌ಗೆ ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಸಿಗಲಿಲ್ಲ, 2020ರಲ್ಲಿ ಸಿಕ್ಕಿತು, ಆದರೆ ಉಸಿರಾಟ ಕುಗ್ಗಬಹುದು ಅನ್ನುವ ದೊಡ್ಡ ಎಚ್ಚರಿಕೆಯೊಂದಿಗೇ. ಆ ಇಲಿಗಳ ಪ್ರಯೋಗವನ್ನು ಬೇರೆ ಲ್ಯಾಬುಗಳು ಮತ್ತೆ ಮಾಡಿದಾಗ ಉಸಿರಾಟದ ಫಲಿತಾಂಶ ಹಾಗೆ ಬರಲಿಲ್ಲ. ನನಗನಿಸುವುದು, ಆ ಔಷಧಿ ದಾರಿ ಆರಿಸಿದ್ದಕ್ಕಿಂತ ಬಾಗಿಲನ್ನು ಸ್ವಲ್ಪ ಕಡಿಮೆ ತಳ್ಳಿದ್ದೇ ಜಾಸ್ತಿ. ಇಡೀ ಯೋಚನೆ ಸುಳ್ಳು ಅಂತ ನಾನು ಹೇಳಲ್ಲ, ಆದರೆ ಹತ್ತು ವರ್ಷದ ಹಿಂದೆ ಪಾಠ ಮಾಡುವಾಗ ಇದ್ದ ಹುರುಪು ಈಗಿಲ್ಲ.

ಇನ್ನು, ನಾವು ನೋಡದೇ ಇದ್ದ ರಿಸೆಪ್ಟರ್ ಕಾಟ ಕೊಡುವುದೂ ಇದೆ. ಹಸಿವು ಕಡಿಮೆ ಮಾಡುವ ಫೆನ್‌ಫ್ಲೂರಮಿನ್ 1997ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹೋಯಿತು, ತೊಗೊಂಡವರ ಹೃದಯದ ಕವಾಟ ದಪ್ಪಗಾಗುತ್ತಿತ್ತು. ಕವಾಟದಲ್ಲಿದ್ದ, ಸೆರೊಟೋನಿನ್ ಅನ್ನುವ ದೇಹದ್ದೇ ರಾಸಾಯನಿಕ ಹಿಡಿಯುವ ರಿಸೆಪ್ಟರೊಂದನ್ನು ತಟ್ಟುತ್ತಿದ್ದದ್ದು ಮುಖ್ಯವಾಗಿ ಮಾತ್ರೆಯ ಅಣು ಅಲ್ಲ, ಲಿವರ್ ಅದನ್ನು ಒಡೆದು ಮಾಡಿದ ತುಂಡು. ಈಗ ಹೊಸ ಅಣು ಬಂದರೆ ಬೇಕಾದ ರಿಸೆಪ್ಟರಿನ ಜೊತೆಗೆ ಬೇಡದ ಹತ್ತಾರು ರಿಸೆಪ್ಟರುಗಳ ಮೇಲೂ ಹಾಕಿ ನೋಡುತ್ತಾರೆ, ಆ ಪಟ್ಟಿಯಲ್ಲಿ ಇದಕ್ಕೂ ಜಾಗ ಇದೆ.

ಇಷ್ಟು ಹೇಳಿ ಈಗ ನಿಮ್ಮ ಚೀಟಿಗೆ ವಾಪಸ್ ಬರುತ್ತೇನೆ. ನಾನು ಔಷಧಿಗಳ ಬಗ್ಗೆ ಪಾಠ ಮಾಡುವವನು, ನಿಮ್ಮ ಅಮ್ಮನ ನಾಡಿ ಹಿಡಿದವನಲ್ಲ. ಆದರೂ ಒಂದು ಅನುಮಾನ. ಎದೆ ಡವಡವ, ಕೈ ನಡುಕ. ಕೈಯ ಸ್ನಾಯುವಿನಲ್ಲಿ ಬೀಟಾ-2 ಇದೆ ಅಂದೆನಲ್ಲ. ಹೃದಯದಲ್ಲೂ ಐದನೇ ಒಂದು ಭಾಗ ಅದೇ. ಇನ್‌ಹೇಲರನ್ನು ದಿನಕ್ಕೆ ಹತ್ತು ಹದಿನೈದು ಸಲ ಒತ್ತಿದರೆ ಇವೆರಡೂ ಆಗಬಹುದು. ಜಾಸ್ತಿ ಒತ್ತಿದಷ್ಟೂ ಅರೆಸ್ಟಿನ್ ಬಂದು ರಿಸೆಪ್ಟರುಗಳನ್ನು ಒಳಗೆ ಎಳೆದುಕೊಳ್ಳುತ್ತದೆ, ಔಷಧಿ ನಾಟುವುದು ಕಡಿಮೆಯಾಗುತ್ತದೆ, ಮತ್ತೆ ಒತ್ತಬೇಕು ಅನಿಸುತ್ತದೆ. ಹಾಗಿದ್ದರೆ ಒಂದು ಔಷಧಿ ತಳ್ಳುತ್ತಿರುವ ಬಾಗಿಲಿಗೆ ಇನ್ನೊಂದು ಔಷಧಿಯನ್ನು ಒರಗಿಸಿ ನಿಲ್ಲಿಸಿದ ಹಾಗಾಗುತ್ತದೆ ಈ ಪ್ರೊಪ್ರನಲಾಲ್. 2019ರಿಂದ ಆಸ್ತಮಾದ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ದೊಡ್ಡವರಿಗೆ ಬರೀ ಸಾಲ್ಬುಟಮಾಲ್ ಒಂದನ್ನೇ ಕೊಡಬೇಡಿ, ಉರಿಯೂತ ಇಳಿಸುವ ಸ್ಟೀರಾಯ್ಡ್ ಇನ್‌ಹೇಲರ್ ಜೊತೆಗಿರಲಿ ಅನ್ನುತ್ತಿದೆ.

ಬೇರೆ ಕಾರಣಗಳೂ ಇರಬಹುದು, ಥೈರಾಯ್ಡ್, ರಕ್ತ ಕಡಿಮೆ ಇರೋದು, ಹೃದಯದ್ದೇ ಏನಾದರೂ. ಅದನ್ನೆಲ್ಲ ಡಾಕ್ಟರ್ ನೋಡುತ್ತಾರೆ. ಅಮ್ಮ ಅಷ್ಟರಲ್ಲಿ ಪ್ರೊಪ್ರನಲಾಲ್ ಶುರು ಮಾಡಿಬಿಟ್ಟಿದ್ದರೆ ಇವತ್ತೇ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ವಾರಗಟ್ಟಲೆ ತೊಗೊಂಡಿದ್ದರೆ ನೀವಾಗೇ ದಿಢೀರ್ ಅಂತ ನಿಲ್ಲಿಸುವ ಹಾಗಿಲ್ಲ, ನಿಲ್ಲಿಸುವುದಕ್ಕೂ ಡಾಕ್ಟರ್ ಹೇಳುವ ಒಂದು ಕ್ರಮ ಇದೆ, ಯಾಕೆಂದರೆ ಮುಚ್ಚಿದಷ್ಟು ದಿನ ಹೃದಯ ಹೊಸ ರಿಸೆಪ್ಟರುಗಳನ್ನು ಮಾಡಿಟ್ಟುಕೊಂಡಿರುತ್ತದೆ, ಮಾತ್ರೆ ನಿಂತೊಡನೆ ಅಡ್ರಿನಲಿನ್ ಅವನ್ನೆಲ್ಲ ಒಟ್ಟಿಗೆ ತಳ್ಳುತ್ತದೆ. ಮತ್ತೆ ಡಾಕ್ಟರ್ ಹತ್ತಿರ ಹೋಗುವಾಗ ಇನ್‌ಹೇಲರ್ ಡಬ್ಬಿಯನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ. ಅದರಲ್ಲಿ 200 ಸಲ ಒತ್ತುವಷ್ಟು ಇರುತ್ತದೆ. ಅದು ಎಷ್ಟು ದಿನಕ್ಕೆ ಖಾಲಿಯಾಗುತ್ತಿದೆ ಅಂತ ಅಮ್ಮನನ್ನು ಕೇಳಿ, ಆ ಸಂಖ್ಯೆಯನ್ನು ಚೀಟಿಯ ಹಿಂದೆ ಬರೆದುಕೊಳ್ಳಿ.